ಅಂಗಳ ಗುಡಿಸಿದರೆ ಎಷ್ಟು ಕೊಡ್ತೀರಿ?

ಓದುಗರ ಪ್ರಶ್ನೆಗಳಿಗೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಿವೃತ್ತ ಅಧ್ಯಾಪಿಕೆಯ ಉತ್ತರ

ಪ್ರಶ್ನೆ: ಟೀಚರಿಗೆ ನಮಸ್ಕಾರ. ಪೆರ್ಲದ ಹತ್ತಿರ ನಮ್ಮದೊಂದು ಸಣ್ಣ ಅಡಿಕೆ ತೋಟ. ಇಬ್ಬರು ಮಕ್ಕಳು. ಮಗನಿಗೆ 12 ವರ್ಷ, ಏಳನೇ ಕ್ಲಾಸ್. ಕಳೆದ ದೊಡ್ಡ ರಜೆಯಲ್ಲಿ ಅವನು ಮೊಬೈಲ್ ಬಿಟ್ಟು ಏಳುವುದೇ ಇಲ್ಲ ಅಂತ ನಮ್ಮ ಯಜಮಾನರು ಒಂದು ಉಪಾಯ ಮಾಡಿದರು. ಅಂಗಳ ಗುಡಿಸಿದರೆ 10 ರೂಪಾಯಿ. ಬಿದ್ದ ಅಡಿಕೆ ಹೆಕ್ಕಿದರೆ ಬುಟ್ಟಿಗೆ 20. ಅಂಗಡಿಗೆ ಹೋಗಿ ಬಂದರೆ 5. ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಈಗ ಒಂದು ಲೋಟ ಎತ್ತಿಡು ಅಂದರೂ "ಎಷ್ಟು ಕೊಡ್ತೀರಿ?" ಅನ್ನುತ್ತಾನೆ. ಬೈದರೆ, "ತೋಟಕ್ಕೆ ಬರುವ ಆಳುಗಳಿಗೆ ಕೊಡ್ತೀರಲ್ಲ, ನನಗೆ ಯಾಕಿಲ್ಲ?" ಅಂತ ಕೇಳುತ್ತಾನೆ. ಅದಕ್ಕೆ ಏನು ಹೇಳಬೇಕೋ ನನಗೆ ಗೊತ್ತಾಗುವುದಿಲ್ಲ. ಯಜಮಾನರು "ದುಡಿದರೆ ಮಾತ್ರ ದುಡ್ಡು ಅಂತ ಈಗಲೇ ಕಲಿಯಲಿ ಬಿಡು" ಅನ್ನುತ್ತಾರೆ. ಅತ್ತೆಗೆ "ಮನೆ ಮಕ್ಕಳಿಗೆ ಕೂಲಿಯಾ?" ಅಂತ ಬೇಸರ. ಮಗಳಿಗೆ 15. ಅವಳದ್ದೇನೂ ತೊಂದರೆ ಇಲ್ಲ, ಹೇಳದಿದ್ದರೂ ಎಲ್ಲ ಮಾಡುತ್ತಾಳೆ. ಮಗನಿಗೆ ದುಡ್ಡು ಕೊಡುವುದನ್ನು ನಿಲ್ಲಿಸಬೇಕಾ, ಮುಂದುವರಿಸಬೇಕಾ?
– ಒಬ್ಬ ತಾಯಿ, ಪೆರ್ಲ

ಉತ್ತರ: ಮನೆಯ ದಿನನಿತ್ಯದ ಕೆಲಸಕ್ಕೆ ಕೊಡುವ ದುಡ್ಡನ್ನು ನಿಲ್ಲಿಸಿ. ಕೈಖರ್ಚಿನ ದುಡ್ಡನ್ನು ಮಾತ್ರ ನಿಲ್ಲಿಸಬೇಡಿ. ಇವೆರಡೂ ಬೇರೆ ಬೇರೆ, ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದರಿಂದಲೇ ಈ ತೊಡಕು. ನಿಮ್ಮ ಪತ್ರದಲ್ಲಿ ಮಗಳ ಬಗ್ಗೆ ಒಂದೇ ಒಂದು ಸಾಲು ಇದೆ. ಆ ಸಾಲನ್ನು ನಾನು ನಾಲ್ಕೈದು ಸಲ ಓದಿದೆ. ಅದರ ಬಗ್ಗೆಯೂ ಹೇಳಲಿಕ್ಕಿದೆ. ಅದಕ್ಕೆ ಮೊದಲು ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ನಿಮ್ಮ ಯಜಮಾನರು ಮಾಡಿದ ಉಪಾಯವನ್ನೇ ನಾನೂ ಮಾಡಿದ್ದೆ.

1996ನೇ ಇಸವಿ. ನನ್ನ ಮಗನಿಗೆ ಆಗ 11, ಮಗಳಿಗೆ 9. ಬೆಳಿಗ್ಗೆ ಎಂಟರ ಬಸ್ಸಿಗೆ ನಾನು ಶಾಲೆಗೆ ಹೊರಡಬೇಕು. ಮನೆಯಲ್ಲಿ ಎರಡು ದನ, ವಯಸ್ಸಾದ ಅತ್ತೆ. ನೀರಿಗೆ ಪಂಪ್ ಇರಲಿಲ್ಲ, ಬಾವಿಯಿಂದ ಸೇದಬೇಕು. ಮಗನನ್ನು ಕರೆದು ಕರೆದು ನನಗೆ ಸಾಕಾಗಿತ್ತು. ಒಂದು ಭಾನುವಾರ ಸೀಮೆಸುಣ್ಣ ತಗೊಂಡು ಅಡುಗೆಮನೆಯ ಬಾಗಿಲ ಹಿಂದೆ ಬರೆದೆ. ಹಂಡೆಗೆ ನೀರು ತುಂಬಿಸಿದರೆ 1 ರೂಪಾಯಿ. ದನಕ್ಕೆ ಹುಲ್ಲು ಹಾಕಿದರೆ 1 ರೂಪಾಯಿ. ಸೊಸೈಟಿಗೆ ಹಾಲು ಕೊಟ್ಟು ಬಂದರೆ 1 ರೂಪಾಯಿ. ತೆಂಗಿನಕಾಯಿ ಹೆಕ್ಕಿ ರಾಶಿ ಹಾಕಿದರೆ 2. ಎರಡು ತಿಂಗಳು ಕರೆಯುವ ಕೆಲಸವೇ ಇರಲಿಲ್ಲ. ಶಾಲೆಯಲ್ಲಿ ಬೇರೆ ಟೀಚರುಗಳಿಗೂ ಹೇಳಿದೆ, ನೀವೂ ಹೀಗೆ ಮಾಡಿ ಅಂತ.

ಆಮೇಲೆ ಆಟಿ ತಿಂಗಳು ಬಂತು. ಜಡಿಮಳೆ, ಚಳಿ. ಸಂಜೆ ಅತ್ತೆ ಬಚ್ಚಲಿನಿಂದ ಕರೆದರು, "ಮಗಾ, ಹಂಡೆಯಿಂದ ಒಂದು ಬಕೆಟ್ ಬಿಸಿನೀರು ತೋಡಿ ಕೊಡು, ನನ್ನ ಕೈ ನಡುಗ್ತದೆ." ನನ್ನ ಮಗ ಹೇಳಿದ್ದು ಇಷ್ಟು: "ಅದು ಬಾಗಿಲ ಹಿಂದೆ ಬರೆದಿಲ್ಲ, ಅಜ್ಜಿ."

ಅವನಲ್ಲಿ ಸೊಕ್ಕು ಇರಲಿಲ್ಲ. ಬರೆದದ್ದಕ್ಕೆ ದುಡ್ಡು, ಬರೆಯದ್ದು ಕೆಲಸವೇ ಅಲ್ಲ ಅಂತ ಅವನಿಗೆ ಅರ್ಥವಾಗಿತ್ತು. ಹಾಗೆ ಕಲಿಸಿದವಳು ನಾನು. ಅತ್ತೆ ಏನೂ ಹೇಳಲಿಲ್ಲ. ಎಲೆ ಅಡಿಕೆಯ ಸಂಚಿ ಬಿಚ್ಚಿ ಎಂಟಾಣೆಯ ಒಂದು ನಾಣ್ಯ ಕೊಟ್ಟರು. ಅವನು ತಗೊಂಡ, ನೀರು ತೋಡಿ ಕೊಟ್ಟ. ನಾನು ಜಗಲಿಯಲ್ಲಿ ಮಕ್ಕಳ ಕಾಪಿ ತಿದ್ದುತ್ತಾ ಕೂತಿದ್ದೆ. ಎಲ್ಲ ಕೇಳಿಸಿತು. ಆಮೇಲೆ ಹೇಳಿದರಾಯಿತು ಅಂತ ಸುಮ್ನಿದ್ದೆ.

ಮೂರು ವಾರದ ಮೇಲೆ ಒಂದು ದಿನ ಶಾಲೆಯಿಂದ ಬೇಗ ಬಂದೆ. ನೋಡಿದರೆ ಅತ್ತೆ ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡು, ಇನ್ನೊಂದರಲ್ಲಿ ಅರ್ಧ ಬಕೆಟ್ ನೀರು ಎಳೆಯುತ್ತಿದ್ದಾರೆ. ಮಗ ಅಲ್ಲೇ ಚಾವಡಿಯಲ್ಲಿ ಇದ್ದಾನೆ. "ಅವನನ್ನು ಕರೆಯಬಾರದಾ ಅತ್ತೆ?" ಅಂದೆ. "ಇವತ್ತು ಚಿಲ್ಲರೆ ಇರಲಿಲ್ಲ ಮಗಳೇ" ಅಂದರು. ಅವರ ಮಾತಿನಲ್ಲಿ ಸಿಟ್ಟೂ ಇರಲಿಲ್ಲ, ದೂರೂ ಇರಲಿಲ್ಲ. ಮನೆಯಲ್ಲಿ ಹೀಗೊಂದು ಕ್ರಮ ಬಂದಿದೆ ಅಂತ ಒಪ್ಪಿಕೊಂಡು ಅವರು ಅದರಂತೆ ನಡೆದುಕೊಳ್ಳುತ್ತಿದ್ದರು. ಆ ಮಾತು ಈಗಲೂ ನನ್ನ ಎದೆಯಲ್ಲಿ ಚುಚ್ಚುತ್ತದೆ.

ಅವತ್ತು ರಾತ್ರಿ ಒದ್ದೆ ಬಟ್ಟೆಯಿಂದ ಬಾಗಿಲ ಹಿಂದಿನ ಬರಹ ಒರೆಸಿದೆ. ಇನ್ನು ದುಡ್ಡಿಲ್ಲ ಅಂದೆ. ಅದರಿಂದ ಎಲ್ಲ ಸರಿಹೋಯಿತು ಅಂತ ನೀವು ತಿಳಿಯಬಾರದು. ಮೊದಲು ದುಡ್ಡು ಕೊಡದಿದ್ದಾಗ ಹತ್ತು ಸಲ ಕರೆದರೆ ಒಂದು ಸಲವಾದರೂ ಬರುತ್ತಿದ್ದ. ಈಗ ಅದೂ ಇಲ್ಲ. ಕೆಲಸಕ್ಕೆ ಒಂದು ಬೆಲೆ ಕಟ್ಟಿ, ಆಮೇಲೆ ಆ ಬೆಲೆಯನ್ನೂ ತೆಗೆದರೆ, ಆ ಕೆಲಸ ಬಿಟ್ಟಿ ಅಂತ ಕಾಣುತ್ತದೆ.

ನಾನು ಮಾತ್ರ ಹೀಗೆ ಎಡವಿದ್ದಲ್ಲ ಅಂತ ಎಷ್ಟೋ ವರ್ಷದ ಮೇಲೆ ಓದಿದೆ. ಇಸ್ರೇಲಿನ ಹೈಫಾ ಊರಿನಲ್ಲಿ 10 ಶಿಶುವಿಹಾರಗಳಲ್ಲಿ ಒಂದು ಪರೀಕ್ಷೆ ಮಾಡಿದ್ದರು. ಅಲ್ಲಿ ಸಂಜೆ ಮಕ್ಕಳನ್ನು ಕರೆದೊಯ್ಯಲು ಕೆಲವು ಅಪ್ಪ ಅಮ್ಮಂದಿರು ತಡವಾಗಿ ಬರುತ್ತಿದ್ದರು. ಅದನ್ನು ತಡೆಯಲು 6 ಶಿಶುವಿಹಾರಗಳಲ್ಲಿ ಸಣ್ಣದೊಂದು ದಂಡ ಹಾಕಿದರು. ತಡ ಮಾಡುವವರು ಕಮ್ಮಿಯಾಗಬೇಕಿತ್ತು ಅಲ್ವಾ? ಹೆಚ್ಚುಕಮ್ಮಿ ಎರಡು ಪಾಲು ಆದರು! ಮೊದಲು ಟೀಚರ್ ಕಾಯುತ್ತಾರಲ್ಲ ಅಂತ ಸಂಕೋಚವಿತ್ತು. ಈಗ ದುಡ್ಡು ಕೊಟ್ಟರಾಯಿತು. ಆಮೇಲೆ ದಂಡ ತೆಗೆದರೂ ತಡ ಮಾಡುವವರು ಕಮ್ಮಿಯಾಗಲೇ ಇಲ್ಲ. ಉರಿ ಗ್ನೀಝಿ, ಆಲ್ಡೋ ರುಸ್ತಿಚಿನಿ ಎಂಬ ಅರ್ಥಶಾಸ್ತ್ರಜ್ಞರು 2000ದಲ್ಲಿ ಇದನ್ನು ಬರೆದು ಪ್ರಕಟಿಸಿದರು. ಅದನ್ನು ಓದುವಾಗ ನನಗೆ ನಮ್ಮ ಬಚ್ಚಲೇ ಕಣ್ಣಿಗೆ ಬಂತು.

ಇನ್ನೊಂದು ಪರೀಕ್ಷೆ ಇನ್ನೂ ಎಳೆಯ ಮಕ್ಕಳದ್ದು, 20 ತಿಂಗಳಿನವು. ಫೆಲಿಕ್ಸ್ ವಾರ್ನೆಕೆನ್, ಮೈಕಲ್ ಟೊಮಸೆಲ್ಲೊ ಎಂಬವರು 2008ರಲ್ಲಿ ಪ್ರಕಟಿಸಿದ್ದು. ದೊಡ್ಡವರ ಕೈಯಿಂದ ಏನಾದರೂ ಬಿದ್ದು, ಅದು ಅವರಿಗೆ ಎಟುಕದಿದ್ದರೆ ಆ ಮಕ್ಕಳು ತಾವಾಗಿ ಹೆಕ್ಕಿ ಕೊಡುತ್ತಿದ್ದವು. ಕೆಲವು ಮಕ್ಕಳಿಗೆ ಪ್ರತಿ ಸಲ ಒಂದು ಆಟದ ವಸ್ತು ಕೊಟ್ಟರು. ಕೆಲವರನ್ನು ಬಾಯಿಮಾತಿನಲ್ಲಿ ಹೊಗಳಿದರು. ಕೆಲವರಿಗೆ ಏನೂ ಇಲ್ಲ. ಮುಂದೆ ಯಾರಿಗೂ ಏನೂ ಕೊಡದೆ ನೋಡಿದಾಗ, ವಸ್ತು ಸಿಕ್ಕಿ ಅಭ್ಯಾಸವಾದ ಮಕ್ಕಳೇ ಕಮ್ಮಿ ಸಹಾಯ ಮಾಡಿದವು. ನಮ್ಮ ಮನೆಗಳಲ್ಲೂ ನೋಡಿ, ಎರಡು ವರ್ಷದ ಮಗು ಹಿಡಿಸೂಡಿ ಹಿಡಿದುಕೊಂಡು ಅಮ್ಮನ ಹಿಂದೆ ಬರುತ್ತದೆ. ನಾವು "ನೀನು ಕಸ ಜಾಸ್ತಿ ಮಾಡ್ತೀಯ, ಬಿಡು" ಅಂತ ಕಿತ್ತುಕೊಳ್ಳುತ್ತೇವೆ. ಹತ್ತು ವರ್ಷವಾದ ಮೇಲೆ ಅದೇ ಹಿಡಿಸೂಡಿ ಹಿಡಿಯಲು ದುಡ್ಡು ಕೊಡುತ್ತೇವೆ.

ನನ್ನ ಮಗ ಮತ್ತೆ ಕೆಲಸಕ್ಕೆ ಬಂದದ್ದು ಆರು ತಿಂಗಳ ಮೇಲೆ. ಅದು ನಾನು ಬುದ್ಧಿ ಹೇಳಿ ಆದದ್ದಲ್ಲ. ಅಂಗಳದ ತುಂಬ ಅಡಿಕೆ ಒಣಗಲು ಹಾಕಿತ್ತು. ನಿಮಗೆ ಹೇಳಬೇಕಾಗಿಲ್ಲ, ಒಣಗಿ ಚಾಲಿ ಅಡಿಕೆ ಆಗಬೇಕಾದರೆ ಒಂದೂವರೆ ತಿಂಗಳು ಬಿಸಿಲು ಕಾಣಬೇಕು, ನಡುವೆ ಒದ್ದೆಯಾದರೆ ಬೂಸ್ಟು ಹಿಡಿದು ರೇಟೇ ಸಿಗುವುದಿಲ್ಲ. ಅವತ್ತು ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕಟ್ಟಿತು. ಯಜಮಾನರು, ನಾನು, ಅತ್ತೆ ಕೂಡ ಅಂಗಳಕ್ಕೆ ಓಡಿದೆವು. ಮಗನನ್ನು ಯಾರೂ ಕರೆಯಲಿಲ್ಲ, ಕರೆಯಲು ಪುರುಸೊತ್ತಿಲ್ಲ. ಅವನು ಜಗಲಿಯಲ್ಲಿ ನಿಂತಿದ್ದ. ತಂಗಿ ಟಾರ್ಪಲಿನ ಒಂದು ಮೂಲೆ ಹಿಡಿದಿದ್ದಳು, ಗಾಳಿಗೆ ಇನ್ನೊಂದು ಮೂಲೆ ಹಾರುತ್ತಿತ್ತು. ಅವನು ಜಿಗಿದು ಬಂದು ಹಿಡಿದ. ಅಡಿಕೆ ಮುಚ್ಚಿ ಮುಗಿಯುವಾಗ ನಾವೆಲ್ಲ ಚಂಡಿಯಾಗಿದ್ದೆವು. ಒಳಗೆ ಬಂದು ಎಲ್ಲರೂ ಬಿಸಿ ಕಾಫಿ ಕುಡಿದೆವು. ಯಾರೂ ಅವನನ್ನು ಹೊಗಳಲಿಲ್ಲ. ಮಾರನೇ ದಿನ ಅಡಿಕೆ ಮಗುಚಲು ಅವನಾಗಿಯೇ ಬಂದ.

ಮಳೆ ಬರುವಾಗ ರೇಟು ಮಾತಾಡಲು ಆಗುತ್ತದಾ? ಮನೆಯ ಕೆಲಸವೆಂದರೆ ನನಗೆ ಅದೇ.

ಈಗ ಮಗಳ ವಿಷಯ. ನನ್ನ ಮಗಳು ದೊಡ್ಡವಳಾಗಿ, ಮದುವೆಯಾಗಿ, ಬಾಣಂತನಕ್ಕೆ ಮನೆಗೆ ಬಂದಿದ್ದಳು. ಅಡುಗೆಮನೆಯ ಬಾಗಿಲಿಗೆ ಪೈಂಟ್ ಹೊಡೆಸುವ ಮಾತು ಬಂತು. ಆಗ ಅವಳು ಹೇಳಿದಳು, "ಅಮ್ಮ, ನೀನು ಈ ಬಾಗಿಲ ಹಿಂದೆ ಬರೆದದ್ದು ನನಗೆ ಬಾಯಿಪಾಠ ಇತ್ತು. ಅದರಲ್ಲಿ ನಾನು ಮಾಡುವ ಕೆಲಸ ಒಂದೂ ಇರಲಿಲ್ಲ."

ಪಾತ್ರೆ ತೊಳೆಯುವುದು, ಒಳಗೆ ಗುಡಿಸುವುದು, ಒಣಗಿದ ಬಟ್ಟೆ ಮಡಚುವುದು, ಸಂಜೆ ದೀಪಕ್ಕೆ ಹೂ ಕೊಯ್ಯುವುದು. ಒಂಬತ್ತು ವರ್ಷದ ಹುಡುಗಿ ಇದನ್ನೆಲ್ಲ ದಿನಾ ಮಾಡುತ್ತಿದ್ದಳು. ಅದಕ್ಕೆ ದುಡ್ಡು ಕೊಡಬೇಕು ಅಂತ ನನಗೆ ಅನ್ನಿಸಲಿಲ್ಲ. ಅದು ಹೋಗಲಿ, ಅದು ಕೆಲಸ ಅಂತಲೇ ನನಗೆ ಕಾಣಿಸಿರಲಿಲ್ಲ. ನಾನೂ ಒಬ್ಬ ಹೆಣ್ಣು, ದುಡಿದು ಸಂಬಳ ತರುವವಳು, ಶಾಲೆಯಲ್ಲಿ ಹುಡುಗ ಹುಡುಗಿ ಸಮಾನ ಅಂತ ಪಾಠ ಮಾಡುವವಳು. ಆದರೂ ಕಾಣಿಸಲಿಲ್ಲ.

ಆದ್ದರಿಂದ ತಂಗೀ, "ಅವಳದ್ದೇನೂ ತೊಂದರೆ ಇಲ್ಲ" ಅಂತ ನೀವು ಬರೆದದ್ದನ್ನು ಇನ್ನೊಮ್ಮೆ ಯೋಚಿಸಿ. ಅವಳು ಹೇಳಿಲ್ಲ ಅಷ್ಟೇ. ತಮ್ಮನಿಗೆ ಅಂಗಳ ಗುಡಿಸಲು 10 ರೂಪಾಯಿ ಸಿಗುವುದು ಅವಳಿಗೆ ಗೊತ್ತಿದೆ. ಒಳಗೆ ಗುಡಿಸುವ ತನಗೆ ಏನೂ ಇಲ್ಲ ಅಂತಲೂ ಗೊತ್ತಿದೆ. ಕೇಂದ್ರ ಸರಕಾರ 2019ರಲ್ಲಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ಒಂದು ಸಮೀಕ್ಷೆ ಮಾಡಿತ್ತು. 6 ವರ್ಷ ದಾಟಿದವರೆಲ್ಲ ಅದರ ಲೆಕ್ಕಕ್ಕೆ ಬರುತ್ತಾರೆ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಣ್ಣುಮಕ್ಕಳು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. ಒಬ್ಬರದ್ದು ಐದು ಗಂಟೆ, ಇನ್ನೊಬ್ಬರದ್ದು ಒಂದೂವರೆ ಗಂಟೆ. ಈ ಅಂತರ ಮದುವೆಯಾದ ಮೇಲೆ ಶುರುವಾಗುವುದಲ್ಲ. ನಿಮ್ಮ ಮನೆ, ನಮ್ಮ ಮನೆಯ ಅಡುಗೆಕೋಣೆಯಲ್ಲಿ, 9 ವರ್ಷಕ್ಕೆ, 12 ವರ್ಷಕ್ಕೆ ಶುರುವಾಗುತ್ತದೆ.

ಮೊದಲು ಮಾಡಬೇಕಾದ್ದು ಇದು. ಒಂದು ಭಾನುವಾರ ನಾಲ್ವರೂ ಕೂತುಕೊಳ್ಳಿ, ಅತ್ತೆಯನ್ನೂ ಕರೆಯಿರಿ. ಮನೆಯಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಯಾವ ಯಾವ ಕೆಲಸ ಆಗುತ್ತದೆ ಅಂತ ಮಗನೇ ಒಂದು ಹಾಳೆಯಲ್ಲಿ ಬರೆಯಲಿ. ನೀವು ಹೇಳಿಕೊಡಬೇಡಿ, ಅವನು ನಿಮ್ಮನ್ನೂ ಅಕ್ಕನನ್ನೂ ಕೇಳಿ ಬರೆಯಲಿ. ಪಕ್ಕದಲ್ಲಿ ಅದನ್ನು ಮಾಡುವವರ ಹೆಸರು. ನನಗೆ ಗೊತ್ತು, ಹಾಳೆ ಸಾಕಾಗುವುದಿಲ್ಲ. ಯಾರ ಹೆಸರು ಎಷ್ಟು ಸಲ ಬಂದಿದೆ ಅಂತ ಅವನೇ ಎಣಿಸಲಿ. ಆಮೇಲೆ ಕೆಲಸ ಹಂಚಿ. ಅಂಗಳ ಅವನಿಗೆ, ಪಾತ್ರೆ ಅವಳಿಗೆ ಅಂತ ಕಾಯಂ ಮಾಡಬೇಡಿ. ವಾರವಾರ ಬದಲಾಗಲಿ. ಅವನು ಪಾತ್ರೆ ತೊಳೆಯಲಿ, ಅವಳು ಅಂಗಡಿಗೆ ಹೋಗಲಿ. ಶುರುವಿಗೆ ಪಾತ್ರೆಯಲ್ಲಿ ಜಿಡ್ಡು ಉಳಿಯುತ್ತದೆ. ಅವನ ಎದುರಿಗೇ ನೀವು ಇನ್ನೊಮ್ಮೆ ತೊಳೆಯಬೇಡಿ, ತೋರಿಸಿಕೊಡಿ.

ನಿಮ್ಮ ಯಜಮಾನರ ಹೆಸರೂ ಆ ಹಾಳೆಯಲ್ಲಿ ಇರಬೇಕು, ತೋಟದ ಕೆಲಸಕ್ಕೆ ಮಾತ್ರವಲ್ಲ, ಒಳಗಿನ ಕೆಲಸಕ್ಕೂ. 2024ರಲ್ಲಿ ಕೇರಳದ ಮೂರನೇ ಕ್ಲಾಸಿನ ಹೊಸ ಪಠ್ಯಪುಸ್ತಕದಲ್ಲಿ ಅಪ್ಪ ಅಡುಗೆಮನೆಯಲ್ಲಿ ಕೂತು ತೆಂಗಿನಕಾಯಿ ತುರಿಯುವ ಚಿತ್ರ ಬಂದದ್ದು ನಿಮಗೆ ನೆನಪಿರಬಹುದು. ಪೇಪರಿನಲ್ಲಿ ಆ ಚಿತ್ರ ನೋಡಿ ನನಗೆ ತುಂಬ ಖುಷಿಯಾಯಿತು. ಪುಸ್ತಕದ ಚಿತ್ರವನ್ನು ಮಗು ಮನೆಯಲ್ಲೂ ಕಾಣಬೇಕು.

ಇನ್ನು ನಿಮ್ಮ ಮಗನ ಪ್ರಶ್ನೆ. "ಆಳುಗಳಿಗೆ ಕೊಡ್ತೀರಲ್ಲ, ನನಗೆ ಯಾಕಿಲ್ಲ?" ಅದು ಅಧಿಕಪ್ರಸಂಗ ಅಲ್ಲ, ಒಳ್ಳೆಯ ಪ್ರಶ್ನೆ. ಬೈದು ಬಾಯಿ ಮುಚ್ಚಿಸಬೇಡಿ. ಅವನಿಗೆ ಹೀಗೆ ಹೇಳಿ: "ನಮ್ಮ ತೋಟಕ್ಕೆ ಬರುವವರು ಬೆಳಿಗ್ಗೆ ಎದ್ದು ಅವರ ಅಂಗಳ ಗುಡಿಸಿ, ಅವರ ಪಾತ್ರೆ ತೊಳೆದು, ಆಮೇಲೆ ಇಲ್ಲಿಗೆ ಬರ್ತಾರೆ. ಅವರ ಅಂಗಳಕ್ಕೆ ಅವರಿಗೆ ಯಾರೂ ದುಡ್ಡು ಕೊಡುವುದಿಲ್ಲ. ನಮ್ಮ ತೋಟದ ಕೆಲಸಕ್ಕೆ ಕೊಡ್ತೇವೆ, ಯಾಕಂದ್ರೆ ಇದು ಅವರ ಮನೆಯಲ್ಲ. ಇದು ನಿನ್ನ ಮನೆ." ಹನ್ನೆರಡು ವರ್ಷದವನಿಗೆ ಇಷ್ಟು ಅರ್ಥವಾಗುತ್ತದೆ.

ಆದರೆ ಅವನು ಹೇಳುವುದರಲ್ಲಿ ಒಂದು ನ್ಯಾಯವೂ ಇದೆ. ಅದನ್ನು ಒಪ್ಪಿಕೊಳ್ಳಿ. ಅಂಗಳ ಗುಡಿಸುವುದು ಬೇರೆ, ಬುಟ್ಟಿಗಟ್ಟಲೆ ಅಡಿಕೆ ಹೆಕ್ಕುವುದು ಬೇರೆ. ಅಡಿಕೆ ಮಾರಿದರೆ ದುಡ್ಡು ಬರುತ್ತದೆ. ಆ ಕೆಲಸಕ್ಕೆ ಜನ ಇಟ್ಟರೆ ನೀವು ಕೊಡಲೇಬೇಕು. ಅಂಥ ಕೆಲಸವನ್ನು ರಜೆಯಲ್ಲಿ ಮಕ್ಕಳು ಮಾಡಿದರೆ ಒಂದು ಪಾಲು ಕೊಡುವುದರಲ್ಲಿ ತಪ್ಪಿಲ್ಲ.

ನಾವು ಚಿಕ್ಕವರಿರುವಾಗ ಗೇರುಬೀಜದ ಕಾಲ ಬಂತೆಂದರೆ ಮಕ್ಕಳ ಕೈಯಲ್ಲಿ ದುಡ್ಡು ಬರುತ್ತಿತ್ತು. ಗುಡ್ಡದ ಮರಗಳು ಅಪ್ಪನಿಗೆ, ಹಟ್ಟಿಯ ಹಿಂದಿನ ಎರಡು ಮರ ನಮಗೆ. ಬೆಳಿಗ್ಗೆ ಹಕ್ಕಿ ಏಳುವ ಮೊದಲೇ ನಾವು ಮರದ ಅಡಿಯಲ್ಲಿ. ಹಣ್ಣು ತಿರುಚಿ ಬೀಜ ತೆಗೆಯುವುದು, ಬಿಸಿಲಿಗೆ ಹಾಕುವುದು, ಅಂಗಡಿಗೆ ಕೊಂಡೊಯ್ದು ತೂಗಿಸುವುದು. ಗೇರುಹಣ್ಣಿನ ರಸದ ಕಲೆ ಆ ಮೂರು ತಿಂಗಳು ನಮ್ಮ ಎಲ್ಲ ಲಂಗದಲ್ಲೂ. ಅಂಗಡಿಯವರು ತೂಕದಲ್ಲಿ ಮೋಸ ಮಾಡುತ್ತಾರಾ ಅಂತ ತಕ್ಕಡಿಯ ಮುಳ್ಳನ್ನೇ ನೋಡುತ್ತಾ ನಿಲ್ಲುತ್ತಿದ್ದೆವು. ಗೇರುಬೀಜದ ದುಡ್ಡು, ವಿಷು ಹಬ್ಬಕ್ಕೆ ಹಿರಿಯರು ಕೈನೀಟ ಅಂತ ಕೊಡುವ ದುಡ್ಡು ಎರಡೂ ಸೇರಿ ನಮ್ಮ ವರ್ಷದ ಆಸ್ತಿ. ಜನವರಿಯಲ್ಲಿ ಕುಂಬಳೆ ಜಾತ್ರೆಯ ಬೆಡಿಗೆ, ಅಂದರೆ ಸಿಡಿಮದ್ದು ನೋಡಲು, ಹೋಗುವವರೆಗೆ ಅದನ್ನು ಉಳಿಸಿದವರೇ ಜಾಣರು. ದುಡಿದರೆ ದುಡ್ಡು ಎಂಬ ಪಾಠ ನಮಗೆ ಅಲ್ಲಿ ಸಿಕ್ಕಿತು. ನಿಮ್ಮ ಯಜಮಾನರು ಹೇಳುವುದು ಅದೇ ಪಾಠ. ಅದನ್ನು ಕಲಿಸಲು ಲೋಟ ಎತ್ತಿಡುವ ಕೆಲಸ ಬೇಡ, ಗೇರುಮರ ಸಾಕು ಅಂತ ಅವರಿಗೆ ಹೇಳಿ.

ನಿಮ್ಮಲ್ಲಿ ಗೇರುಮರ ಇಲ್ಲದಿದ್ದರೆ ಅಡಿಕೆ ಹಾಳೆ ಇದೆ. ಈಗ ಹಾಳೆ ತಟ್ಟೆ ಮಾಡುವವರು ಒಳ್ಳೆಯ ಹಾಳೆಯನ್ನು ಲೆಕ್ಕದಲ್ಲಿ ಕೊಳ್ಳುತ್ತಾರೆ. ಹರಿಯದ್ದನ್ನು ಆರಿಸಿ, ಒಣಗಿಸಿ, ಕಟ್ಟು ಕಟ್ಟಿ ಇಡಬೇಕು. ಅಕ್ಕ ತಮ್ಮ ಇಬ್ಬರೂ ಸೇರಿ ಮಾಡಲಿ, ಬಂದದ್ದು ಇಬ್ಬರಿಗೂ ಸಮಪಾಲು. ಒಂದು ಎಚ್ಚರ ಬೇಕು. 14 ತುಂಬದ ಮಕ್ಕಳು ಶಾಲೆಯ ಹೊತ್ತು ಬಿಟ್ಟು, ರಜೆಯಲ್ಲಿ ಮನೆಯವರಿಗೆ ಕೈಜೋಡಿಸಬಹುದು, ಅಪಾಯದ ಕೆಲಸ ಮಾತ್ರ ಕೂಡದು. ಬಾಲಕಾರ್ಮಿಕ ಕಾನೂನಿಗೆ 2016ರಲ್ಲಿ ಆದ ತಿದ್ದುಪಡಿಯಲ್ಲೂ ಹೀಗೇ ಇದೆ. ಅಡಿಕೆಗೆ ಬಿಡುವ ಬೋರ್ಡೋ ಮದ್ದು ಕಲಸುವುದು, ಏಣಿ ಹತ್ತುವುದು, ಅಡಿಕೆ ಸುಲಿಯುವ ಕತ್ತಿಯ ಹತ್ತಿರ ಕೂರುವುದು ಬೇಡವೇ ಬೇಡ. ಪರೀಕ್ಷೆಯ ಸಮಯದಲ್ಲಿ ಯಾವುದೂ ಬೇಡ.

ಇನ್ನು ಕೈಖರ್ಚು. ಇಬ್ಬರಿಗೂ ವಾರಕ್ಕೊಮ್ಮೆ ಕೊಡಿ. ಎಷ್ಟು ಅಂದರೆ, ಪೆನ್ನು, ಬೇಕರಿ, ಗೆಳೆಯರ ಹುಟ್ಟಿದಹಬ್ಬ ಅಂತ ಈಗ ಬೇಡಿ ತೆಗೆದುಕೊಳ್ಳುವುದನ್ನೆಲ್ಲ ಒಂದು ತಿಂಗಳು ಬರೆದಿಡಿ, ಅದನ್ನು ವಾರಕ್ಕೆ ಭಾಗಿಸಿ. ನಿಮ್ಮ ಮನೆಗೆ ಅವನಿಗೆ 50, ಅವಳಿಗೆ 80 ಸಾಕಾಗಬಹುದು. ದೊಡ್ಡವಳಿಗೆ ಖರ್ಚು ಸ್ವಲ್ಪ ಜಾಸ್ತಿ, ಅದನ್ನು ತಮ್ಮನಿಗೆ ಬಿಡಿಸಿ ಹೇಳಿ. ಈ ದುಡ್ಡಿಗೂ ಅಂಗಳ ಗುಡಿಸುವುದಕ್ಕೂ ಸಂಬಂಧ ಇಲ್ಲ. ಗುಡಿಸದಿದ್ದರೆ ದುಡ್ಡು ಕಟ್ ಮಾಡಬೇಡಿ, ಮಾಡಿದರೆ ಮತ್ತೆ ಕೂಲಿಯೇ ಆಯಿತು. ಗುಡಿಸದ ದಿನ ಗುಡಿಸಿಯೇ ಆಟಕ್ಕೆ ಹೋಗಬೇಕು, ಅಷ್ಟೇ. ದುಡ್ಡು ಬುಧವಾರವೇ ಮುಗಿಯಿತು ಅಂದರೆ ಭಾನುವಾರದವರೆಗೆ ಕಾಯಲಿ. ಇಲ್ಲಿ ನೀವು ಗಟ್ಟಿ ನಿಲ್ಲಬೇಕು. ಅಜ್ಜಿ ಗುಟ್ಟಿನಲ್ಲಿ ಕೊಡದ ಹಾಗೂ ನೋಡಿಕೊಳ್ಳಬೇಕು! ವಾರಕ್ಕೆ ಅಷ್ಟು ಕೊಡುವ ಅನುಕೂಲ ಇಲ್ಲದ ಮನೆಗಳೂ ಇವೆ ಅಂತ ನನಗೆ ಗೊತ್ತು. 10 ರೂಪಾಯಿ ಆದರೂ ಸರಿ, ಅದು ಅವನದ್ದೇ ಆಗಿರಬೇಕು.

ನಿಲ್ಲಿಸುವುದು ಹೇಗೆ? ನಾನು ಮಾಡಿದ ಹಾಗೆ ಸಿಟ್ಟಿನಲ್ಲಿ ಒಂದೇ ರಾತ್ರಿ ಒರೆಸಿ ಹಾಕಬೇಡಿ. ಇವತ್ತಿನವರೆಗೆ ಬಾಕಿ ಇರುವುದನ್ನು ಎಣಿಸಿ ಕೊಡಿ. "ಈ ಲೆಕ್ಕ ಶುರುಮಾಡಿದ್ದು ನಾವು, ತಪ್ಪು ನಮ್ಮದು" ಅಂತ ಅಪ್ಪನೇ ಹೇಳಲಿ. ಅವನು ಮುನಿಸಿಕೊಳ್ಳುತ್ತಾನೆ, ಒಂದೆರಡು ತಿಂಗಳು ಕಷ್ಟವೇ. ಆ ಹೊತ್ತಿಗೆ ಮನೆಯ ಖರ್ಚಿನ ಪುಸ್ತಕವನ್ನು ಅವನ ಕೈಗೆ ಕೊಡಿ. ಹಾಲಿನ ದುಡ್ಡು ಎಷ್ಟು ಬಂತು, ಎರಡು ತಿಂಗಳಿಗೊಮ್ಮೆಯ ಕರೆಂಟ್ ಬಿಲ್ಲು ಎಷ್ಟು, ಅಡಿಕೆ ಕೊಯ್ಯುವವರಿಗೆ ಎಷ್ಟು, ಅಜ್ಜಿಯ ಮದ್ದಿಗೆ ಎಷ್ಟು, ಎಲ್ಲ ಅವನೇ ಬರೆಯಲಿ, ಕೂಡಿಸಲಿ. ಏಳನೇ ಕ್ಲಾಸಿನ ಹುಡುಗನಿಗೆ ಅದು ದೊಡ್ಡ ಜವಾಬ್ದಾರಿ. ದುಡ್ಡಿನ ಬಗ್ಗೆ ಅವನಿಗೆ ಆಸಕ್ತಿ ಇದೆಯಲ್ಲ, ಅದು ಈ ಕಡೆಗೆ ತಿರುಗಲಿ.

ಮಗಳಿಗೆ ಒಂದು ಮಾತು ನೀವಾಗಿ ಹೇಳಿ. ಇಷ್ಟು ದಿನ ನೀನು ಮಾಡಿದ್ದು ನಮಗೆ ಕಾಣಲಿಲ್ಲ ಅಂತ. ನಾನು ನನ್ನ ಮಗಳಿಗೆ ಅದನ್ನು ಹೇಳುವಾಗ ಅವಳ ಮಡಿಲಲ್ಲಿ ಅವಳ ಮಗು ಇತ್ತು. ನಿಮಗೆ ಇನ್ನೂ ಸಮಯ ಇದೆ.

ಪ್ರಶ್ನೆ: ನಾನು ದುಬೈಯಲ್ಲಿ ಕೆಲಸ ಮಾಡುತ್ತೇನೆ. ಮನೆ ಉಪ್ಪಳದಲ್ಲಿ. ಮಗನಿಗೆ 14. ಹತ್ತಿರ ಇಲ್ಲ ಎಂಬ ಬೇಸರಕ್ಕೆ ತಿಂಗಳಿಗೆ 1,000 ರೂಪಾಯಿ ಕೈಖರ್ಚಿಗೆ ಕೊಡಿಸುತ್ತೇನೆ. ಒಂದೇ ವಾರದಲ್ಲಿ ಮುಗಿಸಿ ತಾಯಿಯ ಫೋನಿನಿಂದ ಮತ್ತೆ ಪೇ ಮಾಡುತ್ತಾನಂತೆ. ಉಳಿತಾಯ ಕಲಿಸುವುದು ಹೇಗೆ?
– ಓದುಗ, ಉಪ್ಪಳ

ಉತ್ತರ: ತಾಯಿಯ ಫೋನಿನ ಪಿನ್ ಇವತ್ತೇ ಬದಲಾಯಿಸಲು ಹೇಳಿ. ಫೋನಿನಲ್ಲಿ ಹೋಗುವ ದುಡ್ಡು ಕೈಯಿಂದ ಹೋದ ಹಾಗೆ ಅನ್ನಿಸುವುದಿಲ್ಲ. 1,000 ಜಾಸ್ತಿ ಆಯಿತು. ಅದರಲ್ಲಿ 400ನ್ನು ವಾರಕ್ಕೆ 100ರಂತೆ ನೋಟಿನಲ್ಲೇ ಕೊಡಿಸಿ. ಉಳಿದ 600 ಅವನ ಹೆಸರಿನ ಬ್ಯಾಂಕ್ ಖಾತೆಗೆ ಹೋಗಲಿ. 10 ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ, ಮಿತಿಯನ್ನು ಆಯಾ ಬ್ಯಾಂಕ್ ಹೇಳುತ್ತದೆ. ಫಾರ್ಮ್ ಅವನೇ ತುಂಬಿಸಲಿ, ಕೌಂಟರಿನಲ್ಲಿ ಅವನೇ ನಿಲ್ಲಲಿ.

ನಮ್ಮ ಕರಾವಳಿಗೆ ಇದು ಹೊಸತಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಪಿಗ್ಮಿ ಶುರುಮಾಡಿತ್ತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು, ಮನೆಬಾಗಿಲಿಗೇ ಬಂದು ತಗೊಳ್ಳುತ್ತಿದ್ದರು. ನಮ್ಮ ಅಪ್ಪ ಮನೆಗೆ ಬರುತ್ತಿದ್ದ ಪಿಗ್ಮಿಯವರ ಕೈಗೆ ದುಡ್ಡನ್ನು ನಮ್ಮಿಂದಲೇ ಕೊಡಿಸುತ್ತಿದ್ದರು. ಸಣ್ಣ ಪುಸ್ತಕದಲ್ಲಿ ಅವರು ಬರೆಯುವುದನ್ನು ಬಗ್ಗಿ ನೋಡುತ್ತಿದ್ದೆವು.

ಇನ್ನೊಂದು ಮಾತು. ನೀವು ಹತ್ತಿರ ಇಲ್ಲದ ಬೇಸರವನ್ನು ದುಡ್ಡು ತುಂಬಿಸುವುದಿಲ್ಲ. ಶುಕ್ರವಾರ ರಾತ್ರಿ ವಿಡಿಯೋ ಕಾಲಿನಲ್ಲಿ ವಾರದ 100 ಎಲ್ಲಿ ಹೋಯಿತು ಅಂತ ಇಬ್ಬರೂ ಕೂತು ಮಾತಾಡಿ. ವಿಚಾರಣೆ ಮಾಡಬೇಡಿ. ನಿಮ್ಮ ಅಲ್ಲಿನ ಖರ್ಚನ್ನೂ ಹೇಳಿ. ಬಾಡಿಗೆ ಎಷ್ಟು, ಊಟಕ್ಕೆ ಎಷ್ಟು, ಮನೆಗೆ ಎಷ್ಟು ಅಂತ ಅವನಿಗೆ ಇದುವರೆಗೆ ಯಾರೂ ಹೇಳಿರಲಿಕ್ಕಿಲ್ಲ.

ಪ್ರಶ್ನೆ: ನನಗೆ 78 ವರ್ಷ. ಕಣ್ಣು ಮಂಜಾಗಿದೆ. ಮೊಮ್ಮಗಳು ಆರನೇ ಕ್ಲಾಸ್, ಇಂಗ್ಲಿಷ್ ಮೀಡಿಯಂ. ದಿನಾ ಸಂಜೆ ನನಗೆ ಕನ್ನಡ ಪೇಪರ್ ಓದಿ ಹೇಳುತ್ತಾಳೆ. ಪೆನ್ಶನ್ ಬಂದ ದಿನ ಅವಳಿಗೆ 100 ರೂಪಾಯಿ ಕೊಡುತ್ತೇನೆ. ಸೊಸೆಗೆ ಅದು ಇಷ್ಟವಿಲ್ಲ, ಮಗು ಹಾಳಾಗುತ್ತದೆ ಅನ್ನುತ್ತಾಳೆ. ನಾನು ಕೊಡುವುದು ತಪ್ಪಾ?
– ಒಬ್ಬ ಅಜ್ಜ, ಮುಳ್ಳೇರಿಯ

ಉತ್ತರ: ಅಣ್ಣಾ, ನಿಮ್ಮ ಪತ್ರ ಓದಿ ನನಗೆ ನಮ್ಮ ಅತ್ತೆ ನೆನಪಾದರು. ಮೇಲಿನ ಉತ್ತರದಲ್ಲಿ ಅವರ ವಿಷಯ ಬರೆದಿದ್ದೇನೆ, ಮೊಮ್ಮಗಳಿಂದ ಓದಿಸಿಕೊಳ್ಳಿ.

ಅಜ್ಜನಿಗೆ ಕೊಡುವ ಆಸೆ ಇರುವುದು ತಪ್ಪಲ್ಲ. ಓದಿದ್ದಕ್ಕೆ ಅಂತ ಕೊಡಬೇಡಿ, ಅಷ್ಟೇ. ಪೆನ್ಶನ್ ದಿನದ ಲೆಕ್ಕ ಬಿಟ್ಟುಬಿಡಿ. ವಿಷುವಿನ ದಿನ ಕಣಿ ನೋಡಿದ ಮೇಲೆ ಕೈನೀಟ ಕೊಡಿ, ಅವತ್ತು ಧಾರಾಳವಾಗಿ ಕೊಡಿ. ಹುಟ್ಟಿದ ದಿನಕ್ಕೆ ಒಂದು ಪುಸ್ತಕ ತರಿಸಿ ಕೊಡಿ. ಸೊಸೆಗೆ ಮೊದಲೇ ಹೇಳಿ ಕೊಡಿ. ಮಗುವಿನ ಕೈಯಲ್ಲಿ ಗುಟ್ಟಿನ ದುಡ್ಡು ಇರುವುದು ಯಾವ ತಾಯಿಗೂ ಸಮಾಧಾನ ಅಲ್ಲ.

ನಿಮ್ಮ ಮೊಮ್ಮಗಳು ಮಾಡುತ್ತಿರುವುದು ಎಷ್ಟು ದೊಡ್ಡದು ಅಂತ ನಿಮಗೆ ಗೊತ್ತಾ? ನಮ್ಮ ಕಾಸರಗೋಡಿನಲ್ಲಿ ಮನೆಯಲ್ಲಿ ಕನ್ನಡ ಮಾತಾಡಿ, ಓದಲು ಬಾರದ ಮಕ್ಕಳು ವರ್ಷವರ್ಷಕ್ಕೂ ಜಾಸ್ತಿಯಾಗುತ್ತಿದ್ದಾರೆ. ಮೂವತ್ತು ವರ್ಷ ಕನ್ನಡ ಕಲಿಸಿದವಳಿಗೆ ಅದನ್ನು ನೋಡುವುದು ಕಷ್ಟ. ಇಂಗ್ಲಿಷ್ ಮೀಡಿಯಮ್ಮಿನ ಹುಡುಗಿಯೊಬ್ಬಳು ದಿನಾ ಅರ್ಧ ಗಂಟೆ ಅಜ್ಜನಿಗೆ ಕನ್ನಡ ಓದಿ ಹೇಳುತ್ತಾಳೆ ಅಂದರೆ, ಅವಳಿಗೆ ನೀವೇ ದೊಡ್ಡದೊಂದು ಕೊಡುತ್ತಿದ್ದೀರಿ. ಒತ್ತಕ್ಷರದಲ್ಲಿ ತಡವರಿಸಿದರೆ ಕಾಯಿರಿ, ನೀವೇ ಹೇಳಿಬಿಡಬೇಡಿ. ತಲೆಬರಹ ಮುಗಿದ ಮೇಲೆ ಒಳಗಿನ ಪುಟವನ್ನೂ ಓದಿಸಿ. ಅಡಿಕೆ ರೇಟನ್ನೂ ಓದಿಸಿ, ಅಂಕಿಗಳನ್ನು ಕನ್ನಡದಲ್ಲಿ ಹೇಳುವುದು ಈಗಿನ ಮಕ್ಕಳಿಗೆ ತುಂಬ ಕಷ್ಟವಾಗುತ್ತದೆ.